ದೊಡ್ಡ ಪತ್ರಿಕೆಯಲ್ಲಿ ಕೆಲಸ: ಕೊಡಗಿನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ರಾಜ್ಯಮಟ್ಟದ ಕನ್ನಡ ದಿನಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದೇನೆ. ಮೊದಲು ಗೋಣಿಕೊಪ್ಪಲಿನ ಅರೆಕಾಲಿಕ ಸುದ್ದಿಗಾರ, ಆಮೇಲೆ ಮೈಸೂರಿನ ಡೆಸ್ಕಿನಲ್ಲಿ (ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗ) ಉಪಸಂಪಾದಕ, ಕೊನೆಗೆ ಮಡಿಕೇರಿಯಲ್ಲಿ ಜಿಲ್ಲಾ ವರದಿಗಾರ. ಮದುವೆ ಮನೆಯ ಪಂಕ್ತಿಯಲ್ಲಿ, ಶುಕ್ರವಾರದ ಸಂತೆಯಲ್ಲಿ, ಕಾಲೇಜುಗಳಲ್ಲಿ ಮಾತನಾಡಲು ಹೋದಾಗ ಮತ್ತು ಅಂಚೆಯಲ್ಲಿ ಬಂದ ಪತ್ರಗಳಲ್ಲಿ ತಿರುತಿರುಗಿ ಎದುರಾದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ.

## ಮೊದಲ ಪರಿಚಯದಲ್ಲಿ ಕೇಳುವವು

"ದೊಡ್ಡ ಪೇಪರ್ ಅಂದ್ರೆ ಯಾವುದು? ನಮಗೆ ಶಕ್ತಿ ಬಿಟ್ರೆ ಬೇರೆ ಪೇಪರೇ ಇಲ್ಲ."

ಸರ್ಕಾರದ ಜಾಹೀರಾತು ಲೆಕ್ಕದಲ್ಲಿ ಇದಕ್ಕೊಂದು ಅಳತೆಗೋಲಿದೆ. ದಿನಕ್ಕೆ 25 ಸಾವಿರ ಪ್ರತಿಗಳವರೆಗೆ ಪ್ರಸಾರವಿದ್ದರೆ ಸಣ್ಣ ಪತ್ರಿಕೆ, 75 ಸಾವಿರದವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ದೊಡ್ಡದು. 1948ರಲ್ಲಿ ಆರಂಭವಾದ ಪ್ರಜಾವಾಣಿ, 1967ರ ಕನ್ನಡಪ್ರಭ, 1970ರ ಉದಯವಾಣಿ, 1999ರ ವಿಜಯ ಕರ್ನಾಟಕದಂಥವನ್ನು ಜನ ದೊಡ್ಡ ಪತ್ರಿಕೆಗಳೆಂದು ಕರೆಯುವುದು ಅವು ಹಲವು ಊರುಗಳಲ್ಲಿ ಅಚ್ಚಾಗಿ ರಾಜ್ಯದ ಉದ್ದಗಲಕ್ಕೂ ಹೋಗುವುದರಿಂದ. ಕೊಡಗಿನ ಮಟ್ಟಿಗೆ ಈ ಅಳತೆಗೋಲು ಅಷ್ಟಾಗಿ ನಡೆಯುವುದಿಲ್ಲ. ಮಡಿಕೇರಿಯಿಂದಲೇ ಹೊರಡುವ ಶಕ್ತಿಯನ್ನು ಇಲ್ಲಿನ ಓದುಗರು ಮೊದಲು ಬಿಡಿಸುತ್ತಾರೆ, ದೊಡ್ಡದನ್ನು ಕಾಫಿ ಮುಗಿದ ಮೇಲೆ ನೋಡುತ್ತಾರೆ. ನಾನೂ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಅದನ್ನೇ. ನನ್ನ ಕೈತಪ್ಪಿದ ಸುದ್ದಿ ಏನಾದರೂ ಅದರಲ್ಲಿದೆಯೇ ಎಂಬುದು ದಿನದ ಮೊದಲ ಆತಂಕವಾಗಿರುತ್ತಿತ್ತು.

"ಬೆಳಗ್ಗೆ ಎದ್ದು ಏನು ಮಾಡ್ತೀರಿ? ಸಂಜೆ ಆದ್ಮೇಲೆ ತಾನೇ ನಿಮ್ಮ ಕೆಲಸ?"

ಜಿಲ್ಲಾ ವರದಿಗಾರನ ಬೆಳಗು ಫೋನಿನಿಂದ ಶುರುವಾಗುತ್ತದೆ. ಪೊಲೀಸ್ ಠಾಣೆಗಳು, ಅಗ್ನಿಶಾಮಕ ದಳ, ಜಿಲ್ಲಾಸ್ಪತ್ರೆ, ಅರಣ್ಯ ಇಲಾಖೆ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ನಾಪೋಕ್ಲು ಕಡೆಯ ನಮ್ಮ ಸುದ್ದಿಗಾರರು, ಹೀಗೆ ಒಂದು ಸುತ್ತು ಮುಗಿಯುವ ಹೊತ್ತಿಗೆ ಹತ್ತು ಗಂಟೆ. ಆಮೇಲೆ ಪತ್ರಿಕಾ ಭವನದ ಸುದ್ದಿಗೋಷ್ಠಿಗಳು, ಜಿಲ್ಲಾಧಿಕಾರಿ ಕಚೇರಿಯ ಸಭೆಗಳು. ಮಧ್ಯಾಹ್ನ ಮೂರರ ಹೊತ್ತಿಗೆ ಡೆಸ್ಕಿಗೆ ಪಟ್ಟಿ ಹೋಗಬೇಕು: ಇಂದು ಇಷ್ಟು ಸುದ್ದಿಗಳಿವೆ, ಇದು ಲೀಡ್ (ಪುಟದ ಮುಖ್ಯ ಸುದ್ದಿ) ಆಗಬಹುದು, ಇದಕ್ಕೆ ಚಿತ್ರವಿದೆ. ನಾಲ್ಕರಿಂದ ಎಂಟರವರೆಗೆ ಬರೆಯುವುದು. ಹೊರಗಿನವರು ಕಾಣುವುದು ಸುದ್ದಿಗೋಷ್ಠಿಯ ಮುಂದಿನ ಸಾಲಿನಲ್ಲಿ ಕುಳಿತ ಆ ಅರ್ಧ ಗಂಟೆಯನ್ನು ಮಾತ್ರ.

"ದಸರಾ ಮಂಟಪದ ಪ್ರಶಸ್ತಿ ಯಾರಿಗೆ ಅಂತ ಬೆಳಗ್ಗೆ ಪೇಪರಲ್ಲಿ ಯಾಕೆ ಇರಲ್ಲ?"

ಈ ಪ್ರಶ್ನೆ ಪ್ರತಿವರ್ಷ ಬರುತ್ತದೆ. ಮಡಿಕೇರಿಯ ದಶಮಂಟಪಗಳು, ಅಂದರೆ ಹತ್ತು ದೇವಾಲಯಗಳ ಅಲಂಕೃತ ಮಂಟಪಗಳು, ವಿಜಯದಶಮಿಯ ರಾತ್ರಿ ಹೊರಟು ನಸುಕಿನವರೆಗೂ ಬೀದಿಯಲ್ಲಿರುತ್ತವೆ. ಅತ್ತ ನಮ್ಮ ಕೊಡಗಿನ ಪುಟಗಳು ಮೈಸೂರಿನಲ್ಲಿ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮುಚ್ಚುತ್ತಿದ್ದವು. ಅಚ್ಚಿನ ಮನೆಯಿಂದ ದೂರವಿರುವ ಊರಿನ ಪುಟ ಮೊದಲು ಮುಚ್ಚಬೇಕು, ಹತ್ತಿರದ್ದು ಕೊನೆಗೆ. ಮೈಸೂರು ನಗರದ ಪುಟ ನಡುರಾತ್ರಿಯವರೆಗೂ ತೆರೆದಿರುವಾಗ ನಮ್ಮದು ಅಷ್ಟು ಬೇಗ ಮುಚ್ಚುವುದಕ್ಕೆ ಕಾರಣ 120 ಕಿಲೊಮೀಟರ್ ದಾರಿ. ಪ್ಲೇಟು ಹೊಡೆದು, ಯಂತ್ರಕ್ಕೆ ಏರಿಸಿ, ಬಂಡಲ್ ಕಟ್ಟಿ, ಏಜೆಂಟರ ಹೆಸರಿನ ಚೀಟಿ ಅಂಟಿಸಿ ವ್ಯಾನು ಹೊರಡುವಾಗ ಎರಡು ಗಂಟೆಯಾಗಿರುತ್ತದೆ. ಒಂದು ವ್ಯಾನು ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ, ಇನ್ನೊಂದು ಹುಣಸೂರಿನಿಂದ ತಿತಿಮತಿಯ ಕಾಡು ದಾಟಿ ಗೋಣಿಕೊಪ್ಪಲಿಗೆ. ಆ ಕಾಡಿನಲ್ಲಿ ಆನೆ ರಸ್ತೆಗೆ ಅಡ್ಡ ನಿಂತರೆ ವಿರಾಜಪೇಟೆಯವರಿಗೆ ಪತ್ರಿಕೆ ತಡವಾಗುತ್ತಿತ್ತು. ಏಜೆಂಟರಿಗೆ ಈ ಕಾರಣ ಹೇಳಿದರೆ ಅವರು ನಂಬುತ್ತಿದ್ದರು, ಬೆಂಗಳೂರಿನ ಪ್ರಸರಣ ವಿಭಾಗದವರು ಒಮ್ಮೆಯೂ ನಂಬಲಿಲ್ಲ.

ತಲಕಾವೇರಿಯ ತೀರ್ಥೋದ್ಭವದ್ದೂ ಇದೇ ಕತೆ. ತುಲಾ ಸಂಕ್ರಮಣದ ಮುಹೂರ್ತ ವರ್ಷದಿಂದ ವರ್ಷಕ್ಕೆ ಸುಮಾರು ಆರು ಗಂಟೆ ಮುಂದಕ್ಕೆ ಸರಿಯುವುದರಿಂದ ನಾಲ್ಕು ವರ್ಷಕ್ಕೊಮ್ಮೆ ಅದು ರಾತ್ರಿಯ ನಡುಹೊತ್ತಿಗೆ ಬೀಳುತ್ತದೆ. 2023ರಲ್ಲಿ ಹಾಗೆಯೇ ಆಯಿತು. ಅಂಥ ವರ್ಷ ಮರುದಿನದ ಪತ್ರಿಕೆಯಲ್ಲಿ "ಭಕ್ತರ ದಂಡು" ಎಂಬ ಸಂಜೆಯ ಚಿತ್ರ ಮಾತ್ರ ಇರುತ್ತದೆ, ತೀರ್ಥ ಅದರ ಮರುದಿನ.

"ಆ ತಲೆಬರಹ ನೀವೇ ಕೊಟ್ಟಿದ್ದಾ?"

ಬಹುಪಾಲು ಇಲ್ಲ. ಹೊರಗೆ ತಿರುಗಿ ಬರೆಯುವವರು ವರದಿಗಾರರು. ಆ ಬರಹವನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಟ್ಟು, ಪುಟದಲ್ಲಿ ಕೂರಿಸುವವರು ಡೆಸ್ಕಿನ ಉಪಸಂಪಾದಕರು. ಅವರ ಹೆಸರು ಪತ್ರಿಕೆಯಲ್ಲಿ ಎಲ್ಲಿಯೂ ಬರುವುದಿಲ್ಲ. ನಾನು ಎರಡೂ ಕಡೆ ಕುಳಿತವನಾದ್ದರಿಂದ ಹೇಳುತ್ತೇನೆ: ತಲೆಬರಹ ಚೆನ್ನಾಗಿದ್ದರೆ ಹೊಗಳಿಕೆ ವರದಿಗಾರನಿಗೆ, ಕೆಟ್ಟದಾಗಿದ್ದರೆ ಬೈಗುಳವೂ ವರದಿಗಾರನಿಗೆ. ಡೆಸ್ಕಿನವರು ಎರಡರಿಂದಲೂ ಪಾರು.

"ನಿಮಗೆ ಪತ್ರಿಕಾ ದಿನ ಜುಲೈ ಒಂದಾ, ನವೆಂಬರ್ ಹದಿನಾರಾ?"

ಎರಡೂ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆ. ಆ ನೆನಪಿಗೆ ಕರ್ನಾಟಕದಲ್ಲಿ ಜುಲೈ 1. ಭಾರತೀಯ ಪತ್ರಿಕಾ ಮಂಡಳಿ 1966ರ ನವೆಂಬರ್ 16ರಂದು ಕೆಲಸ ಆರಂಭಿಸಿದ್ದರಿಂದ ರಾಷ್ಟ್ರೀಯ ಪತ್ರಿಕಾ ದಿನ ಅಂದು. ಮೋಗ್ಲಿಂಗ್ ಆಮೇಲೆ ಕೊಡಗಿಗೂ ಬಂದು ನೆಲೆಸಿದ್ದ, 1855ರಲ್ಲಿ ಕೊಡಗಿನ ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೂ ತಂದ. ನಮ್ಮ ಸಮಾರಂಭದ ಭಾಷಣಗಳಲ್ಲಿ ಈ ಎರಡನೆಯ ಸಂಗತಿಯನ್ನು ಹೇಳುವವರು ಕಡಿಮೆ.

## ಕೆಲಸಕ್ಕೆ ಸೇರಬೇಕೆನ್ನುವವರು, ಸುದ್ದಿ ಕಳಿಸುವವರು ಕೇಳುವವು

"ಮಗಳು ಡಿಗ್ರಿಯಲ್ಲಿ ಪತ್ರಿಕೋದ್ಯಮ ತಗೊಂಡಿದ್ದಾಳೆ. ಕೆಲಸ ಸಿಗುತ್ತಾ ಸರ್?"

ಸಿಗುತ್ತದೆ, ಆದರೆ ಮಡಿಕೇರಿಯಲ್ಲಿಯೇ ಬೇಕೆಂದರೆ ಕಾಯಬೇಕು. ಒಂದು ದೊಡ್ಡ ಪತ್ರಿಕೆಗೆ ಇಡೀ ಜಿಲ್ಲೆಯಲ್ಲಿ ಕಾಯಂ ವರದಿಗಾರರ ಹುದ್ದೆ ಒಂದೋ ಎರಡೋ ಇರುತ್ತದೆ. ಹೊಸಬರನ್ನು ಲಿಖಿತ ಪರೀಕ್ಷೆ, ಸಂದರ್ಶನ ನಡೆಸಿ ಟ್ರೈನಿಗಳೆಂದು ತೆಗೆದುಕೊಂಡು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಡೆಸ್ಕಿನಲ್ಲಿ ಕೂರಿಸುತ್ತಾರೆ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸುದ್ದಿಸಂಸ್ಥೆಯ ಇಂಗ್ಲಿಷ್ ಸುದ್ದಿಯೊಂದನ್ನು ಕನ್ನಡಕ್ಕೆ ತರಲು ಕೊಡುತ್ತಾರೆ. ಅಲ್ಲಿ ಹೆಚ್ಚಿನವರು ಎಡವುವುದು ಇಂಗ್ಲಿಷಿನಿಂದಲ್ಲ, ಕನ್ನಡದಿಂದ. ಪದಕ್ಕೆ ಪದ ಹಾಕಿ ಓದಲಾಗದ ವಾಕ್ಯ ಮಾಡಿಬಿಡುತ್ತಾರೆ.

ಕೊಡಗಿನ ಹುಡುಗರಿಗೆ ಒಂದು ಅನುಕೂಲವಿದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಇವುಗಳಲ್ಲಿ ಎರಡನ್ನಾದರೂ ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ. ಸಿದ್ದಾಪುರದ ತೋಟದ ಲೈನ್ ಮನೆಗೆ ಹೋದಾಗ ಅಧಿಕಾರಿ ಕನ್ನಡದಲ್ಲಿ ಹೇಳಿದ್ದಕ್ಕೂ ಕಾರ್ಮಿಕರು ತಮ್ಮ ಭಾಷೆಯಲ್ಲಿ ತಮ್ಮತಮ್ಮೊಳಗೆ ಆಡಿಕೊಂಡದ್ದಕ್ಕೂ ಇರುವ ಅಂತರದಲ್ಲಿಯೇ ಸುದ್ದಿ ಇರುತ್ತದೆ.

ರಾತ್ರಿ ಪಾಳಿಯ ವಿಷಯವನ್ನು ತಂದೆತಾಯಂದಿರು ಮೆಲ್ಲಗೆ ಕೇಳುತ್ತಾರೆ. ಡೆಸ್ಕಿನಲ್ಲಿ ಹೆಣ್ಣುಮಕ್ಕಳು ರಾತ್ರಿ ಪಾಳಿ ಮಾಡುತ್ತಾರೆ, ಮನೆಗೆ ಬಿಡುವ ವಾಹನವಿರುತ್ತದೆ. ವಾಹನವಿದೆಯೇ ಎಂಬುದನ್ನು ಸಂದರ್ಶನದಲ್ಲಿಯೇ ಕೇಳಿಬಿಡುವುದು ಒಳ್ಳೆಯದು, ಸಂಕೋಚಪಡಬೇಕಾಗಿಲ್ಲ.

"ಸಂಬಳ ಎಷ್ಟು ಬರುತ್ತೆ? ನಿಜ ಹೇಳಿ."

ಕಾಯಂ ನೌಕರನ ಸ್ಥಿತಿ ಬೇರೆ, ಅರೆಕಾಲಿಕನ ಸ್ಥಿತಿ ಬೇರೆ. ಕಾಯಂ ಪತ್ರಕರ್ತರಿಗೆ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ರಕ್ಷಣೆಯಿತ್ತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದೂ ಅದರಲ್ಲಿಯೇ ಇತ್ತು. ಆ ಕಾಯ್ದೆಯನ್ನು ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಗಿದೆ. 144 ಗಂಟೆಯ ಲೆಕ್ಕವನ್ನು ಯಾರಾದರೂ ಇಟ್ಟದ್ದನ್ನು ನಾನು ಕಂಡಿಲ್ಲ. ಪತ್ರಿಕಾ ನೌಕರರ ಸಂಬಳ ನಿಗದಿಗೆ ನೇಮಿಸಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಕೇಂದ್ರ ಸರ್ಕಾರ 2011ರಲ್ಲಿ ಅಧಿಸೂಚನೆಯಾಗಿ ಹೊರಡಿಸಿತು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಆ ಹೊತ್ತಿಗೆ ಹೊಸದಾಗಿ ಸೇರಿದ ಅನೇಕರು ಗುತ್ತಿಗೆಯ ಮೇಲಿದ್ದರು.

ಅರೆಕಾಲಿಕ ಸುದ್ದಿಗಾರನಾಗಿದ್ದಾಗ ನನಗೆ ಸಿಗುತ್ತಿದ್ದುದು ಕಾಲಂ ಸೆಂಟಿಮೀಟರ್ ಲೆಕ್ಕದ ಹಣ. ತಿಂಗಳ ಕೊನೆಯ ಭಾನುವಾರ ಅಚ್ಚಾದ ನನ್ನ ಸುದ್ದಿಗಳನ್ನೆಲ್ಲ ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲಿ ಅಳೆದು, ಅಂಚಿನಲ್ಲಿ "11 ಸೆಂ.ಮೀ., ಡಬಲ್ ಕಾಲಂ" ಎಂದು ಪೆನ್ಸಿಲಿನಲ್ಲಿ ಬರೆದು ಬಿಲ್ಲಿನ ಜೊತೆ ಮೈಸೂರಿಗೆ ಕಳಿಸಬೇಕಿತ್ತು. ತಲೆಬರಹವನ್ನು ಅಳತೆಗೆ ಸೇರಿಸಬೇಕೋ ಬೇಡವೋ ಎಂಬ ವಾದ ಲೆಕ್ಕಪತ್ರ ವಿಭಾಗದೊಂದಿಗೆ ವರ್ಷಗಟ್ಟಲೆ ನಡೆಯಿತು. ನಮ್ಮ ಸುದ್ದಿಗಾರರಲ್ಲಿ ಬಹುತೇಕರು ಕಾಫಿ ತೋಟ, ಜೆರಾಕ್ಸ್ ಅಂಗಡಿ, ಎಲ್‌ಐಸಿ ಏಜೆನ್ಸಿಯಲ್ಲಿ ಯಾವುದಾದರೊಂದನ್ನು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ.

"ನಮ್ಮೂರ ಸುದ್ದಿ ಇಲ್ಲಿ ಬಂದಿದೆ, ಬೆಂಗಳೂರಲ್ಲಿರೋ ತಮ್ಮನ ಪೇಪರಲ್ಲಿ ಯಾಕೆ ಇಲ್ಲ?"

ಒಂದೇ ದಿನ, ಒಂದೇ ಹೆಸರಿನ ಪತ್ರಿಕೆ ಹಲವು ಆವೃತ್ತಿಗಳಾಗಿ ಅಚ್ಚಾಗುತ್ತದೆ. ಮುಖಪುಟ, ಸಂಪಾದಕೀಯ ಪುಟ, ಕ್ರೀಡೆ, ವಾಣಿಜ್ಯ ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ. ಜಿಲ್ಲಾ ಪುಟಗಳು ಆಯಾ ಜಿಲ್ಲೆಗೆ ಮಾತ್ರ. ಕುಟ್ಟದ ಸುದ್ದಿ ಬೆಂಗಳೂರಿಗೆ ಹೋಗಬೇಕೆಂದರೆ ಅದು ರಾಜ್ಯ ಪುಟಕ್ಕೆ ಏರಬೇಕು. ತಮ್ಮನಿಗೆ ಇ-ಪೇಪರಿನಲ್ಲಿ ಕೊಡಗು ಆವೃತ್ತಿ ಆರಿಸಿಕೊಳ್ಳಲು ಹೇಳಿ.

"ಆನೆ ತುಳಿದು ಯಾರಾದ್ರೂ ಸತ್ರೆ ಮಾತ್ರ ಸುದ್ದಿ. ನಮ್ಮ ತೋಟ ಹಾಳಾದ್ರೆ ಬರೆಯಲ್ಲ, ಅಲ್ವಾ?"

ಅಮ್ಮತ್ತಿ, ಸಿದ್ದಾಪುರ, ಮಾಲ್ದಾರೆ ಕಡೆಯಿಂದ ಈ ದೂರು ಬಂದಾಗಲೆಲ್ಲ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ. ಜಾಹೀರಾತು ಬಂದ ಮೇಲೆ ಉಳಿದ ಜಾಗದಲ್ಲಿ ಸುದ್ದಿ ಹೊಂದಬೇಕು. ವಾರಕ್ಕೆ ಮೂರು ಸಲ ಆನೆ ನುಗ್ಗಿದರೆ ಮೂರನೆಯ ಸಲ ಡೆಸ್ಕಿನವರು "ಇದು ಮೊನ್ನೆ ಬಂದದ್ದೇ ಅಲ್ಲವೇ" ಎನ್ನುತ್ತಾರೆ. ಮೂರನೆಯ ಸಲ ನಷ್ಟವಾದವನಿಗೆ ಅದು ಹಳೆಯದಾಗಿರುವುದಿಲ್ಲ. ಕೆಲವೊಮ್ಮೆ ನಾನು ಬಿಡಿ ಘಟನೆಗಳನ್ನು ಬಿಟ್ಟು, ಒಂದು ಪಂಚಾಯಿತಿಯಲ್ಲಿ ಒಂದು ಹಂಗಾಮಿಗೆ ಎಷ್ಟು ಪರಿಹಾರದ ಅರ್ಜಿ ಹೋಗಿದೆ, ಎಷ್ಟು ಇತ್ಯರ್ಥವಾಗಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ ಬರೆದೆ. ಅಂಥ ಬರಹಕ್ಕೆ ಪುಟದ ಮೇಲ್ಭಾಗ ಸಿಗುತ್ತಿತ್ತು. ಆದರೆ ಉತ್ತರ ಬರಲು ಮೂವತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು.

"ನಮ್ಮ ಸಂಘದ ಕಾರ್ಯಕ್ರಮದ ಸುದ್ದಿ ಬರಬೇಕಾದ್ರೆ ಹೇಗೆ ಕಳಿಸ್ಬೇಕು?"

ವೇದಿಕೆಯ ಮೇಲಿದ್ದವರ ಪಟ್ಟಿಯಿಂದ ಶುರು ಮಾಡಬೇಡಿ. ಏನು ನಡೆಯಿತು ಎಂಬುದರಿಂದ ಶುರು ಮಾಡಿ. ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಬರೆಯಿರಿ. ಯೂನಿಕೋಡಿನಲ್ಲಿ ಟೈಪ್ ಮಾಡಿ. ಸಂಜೆ ಐದರೊಳಗೆ ತಲುಪಿಸಿ. ರಾತ್ರಿ ಎಂಟೂವರೆಗೆ ಅಪರಿಚಿತ ಸಂಖ್ಯೆಯಿಂದ ಕರೆ ಬಂದರೆ ದಯವಿಟ್ಟು ಎತ್ತಿ, ಅದು ಬಹುಶಃ ಡೆಸ್ಕಿನವರು.

## ಒಳಗಿನ ಕೆಲಸ ಸ್ವಲ್ಪ ತಿಳಿದವರು ಕೇಳುವವು

"ಒಂದು ಹೆಸರನ್ನ ಸರಿಯಾಗಿ ಹಾಕೋಕೆ ಇಷ್ಟು ದೊಡ್ಡ ಪೇಪರಿಗೆ ಆಗಲ್ವಾ?"

ಕೊಡಗಿನಲ್ಲಿ ವರದಿಗಾರನ ಅರ್ಧ ಕೆಲಸ ಹೆಸರಿನದು. ಇಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಆಮೇಲೆ ತಂದೆಯ ಹೆಸರಿನ ಅಕ್ಷರ, ಆಮೇಲೆ ವ್ಯಕ್ತಿಯ ಹೆಸರು. ಕೊಡವ ಮನೆತನಗಳಲ್ಲಿ ಹೆಚ್ಚಿನವು "ಅಂಡ" ಎಂದೋ "ಇರ" ಎಂದೋ ಮುಗಿಯುತ್ತವೆ; ಮೊದಲ ಭಾಗ ಒಂದೇ ಆಗಿ ಕೊನೆಯ ಭಾಗ ಮಾತ್ರ ಬೇರೆಯಾದ ಮನೆತನಗಳಿವೆ. 1997ರಲ್ಲಿ ಪಾಂಡಂಡ ಮನೆತನದವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದ ದಿನಗಳಲ್ಲಿ ಒಂದೇ ಪುಟದಲ್ಲಿ ನಲವತ್ತು ಮನೆತನಗಳ ಹೆಸರು, ಗೋಲು ಹೊಡೆದವರ ಹೆಸರು ಬರುತ್ತವೆ. ಮೈಸೂರಿನ ಡೆಸ್ಕಿನಲ್ಲಿ ಮಂಡ್ಯದವರೋ ರಾಯಚೂರಿನವರೋ ಕುಳಿತಿದ್ದರೆ ಅವರಿಗೆ ಇವೆಲ್ಲ ಒಂದೇ ರೀತಿ ಕೇಳಿಸುತ್ತವೆ. ಸಾಲದ್ದಕ್ಕೆ ನಮ್ಮ ಕಾಲದಲ್ಲಿ ಸುದ್ದಿಯನ್ನು ಒಂದು ಫಾಂಟಿನಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ ಹಾರಿಹೋಗುತ್ತಿತ್ತು, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತಿತ್ತು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಪೊನ್ನಂಪೇಟೆ ಕಡೆಯ ಹಿರಿಯರೊಬ್ಬರ ನಿಧನದ ಸುದ್ದಿಯನ್ನು ಫೋನಿನಲ್ಲಿ ಬರೆದುಕೊಂಡೆ. ಜೋರು ಮಳೆ, ಲೈನು ಕಡಿದು ಕಡಿದು ಬರುತ್ತಿತ್ತು. "ಇರ" ಎಂದದ್ದು ನನಗೆ "ಅಂಡ" ಎಂದು ಕೇಳಿಸಿತು. ಪುಟ ಮುಚ್ಚಲು ಇಪ್ಪತ್ತು ನಿಮಿಷವಿತ್ತು, ತಿರುಗಿ ಕರೆ ಮಾಡಬಹುದಿತ್ತು, ಮಾಡಲಿಲ್ಲ. ಬೆಳಿಗ್ಗೆ ಏಳಕ್ಕೆ ಅವರ ತಮ್ಮನ ಫೋನು ಬಂತು. ಬೈಯಲಿಲ್ಲ. "ನಮ್ಮಣ್ಣನನ್ನು ಸತ್ತ ಮೇಲೆ ಬೇರೆಯವರ ಐನ್‌ಮನೆಗೆ ಸೇರಿಸಿಬಿಟ್ಟಿರಲ್ಲ" ಎಂದು ಮೆತ್ತಗೆ ಹೇಳಿ ಇಟ್ಟರು. ಐನ್‌ಮನೆಯೆಂದರೆ ಮನೆತನದ ಮೂಲ ಮನೆ. ಮರುದಿನ ಸಿಂಗಲ್ ಕಾಲಂನಲ್ಲಿ ತಿದ್ದುಪಡಿ ಬಂತು. ನಾನು ಆ ಪ್ರತಿಯನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ, ಕಾಫಿ ಕೊಟ್ಟರು, ಪತ್ರಿಕೆಯನ್ನು ಮಡಿಚಿ ಒಳಗಿಟ್ಟರು. ಅಂದಿನಿಂದ ಹೆಸರನ್ನು ಅಕ್ಷರ ಅಕ್ಷರವಾಗಿ ತಿರುಗಿ ಓದಿ ಹೇಳದೆ ಫೋನು ಇಟ್ಟಿಲ್ಲ.

"ಜಾಹೀರಾತು ಕೊಟ್ಟೋರ ವಿರುದ್ಧ ಬರೆಯೋಕಾಗುತ್ತಾ?"

ಆಗುತ್ತದೆ, ಆದರೆ ಸುಲಭವಾಗಿ ಆಗುವುದಿಲ್ಲ. ಪತ್ರಿಕೆ ಮಾರುವ ಬೆಲೆಯಿಂದ ಅದರ ಕಾಗದದ ಖರ್ಚೂ ಹುಟ್ಟುವುದಿಲ್ಲ. ಉಳಿದದ್ದನ್ನು ಜಾಹೀರಾತು ತುಂಬಬೇಕು. ಬೆಂಗಳೂರಿನಲ್ಲಿ ಜಾಹೀರಾತಿಗೊಂದು ವಿಭಾಗ, ಸುದ್ದಿಗೊಂದು ವಿಭಾಗ ಇರುತ್ತವೆ, ನಡುವೆ ಗೋಡೆಯಿದೆ. ಜಿಲ್ಲೆಯಲ್ಲಿ ಆ ಗೋಡೆ ತಡಿಕೆಯಷ್ಟು ತೆಳು. ವಿಶೇಷ ಪುರವಣಿ ಬಂದಾಗ "ನಿಮಗೆ ಪರಿಚಯದವರಿದ್ದಾರಲ್ಲ, ಒಂದು ಮಾತು ಹೇಳಿ" ಎಂದು ನನಗೂ ಹೇಳಿದ್ದರು, ನಾನೂ ಕೆಲವರಿಗೆ ಹೇಳಿದ್ದೆ. ಆಮೇಲೆ ಅವರಲ್ಲೊಬ್ಬರ ರೆಸಾರ್ಟಿನ ಗುಡ್ಡ ಅಗೆತದ ದೂರು ಬಂದಾಗ ಬರೆದೆ, ಪ್ರಕಟವೂ ಆಯಿತು. ಆದರೆ ಬರೆಯುವ ಮೊದಲು ಎರಡು ದಿನ ಕೈ ಓಡಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಚುನಾವಣೆಯ ಕಾಲದ "ಪೇಯ್ಡ್ ನ್ಯೂಸ್" ಬೇರೆ ಜಾತಿಯದು. ಅದನ್ನು ನೋಡಲೆಂದೇ ಪ್ರತಿ ಜಿಲ್ಲೆಯಲ್ಲಿಯೂ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿ ಇರುತ್ತದೆ. ಸುದ್ದಿಯ ವೇಷದ ಜಾಹೀರಾತೆಂದು ಅದು ತೀರ್ಮಾನಿಸಿದರೆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ.

"ಊರಿಗೆಲ್ಲ ಗೊತ್ತಿರೋ ಹೆಸರನ್ನ ಪೇಪರಲ್ಲಿ ಯಾಕೆ ಮುಚ್ಚಿಡ್ತೀರಿ?"

ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತು ಪ್ರಕಟಿಸುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 228ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ. ಹೆಸರು ಬಿಟ್ಟರೆ ಸಾಕಾಗುವುದಿಲ್ಲ, ಗುರುತು ಹತ್ತುವ ಯಾವ ವಿವರವೂ ಬರಬಾರದು. ನಗರದಲ್ಲಿ "ಒಂದು ಬಡಾವಣೆಯ ಬಾಲಕಿ" ಎಂದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಗ್ರಾಮದ ಹೆಸರು, ತರಗತಿ, ತಂದೆಯ ಉದ್ಯೋಗ ಇವುಗಳಲ್ಲಿ ಎರಡು ಬಂದರೆ ಮನೆಯೇ ಸಿಕ್ಕಿಬಿಡುತ್ತದೆ. ಆದ್ದರಿಂದ ನಾವು ತಾಲ್ಲೂಕಿನ ಹೆಸರಿಗೆ ನಿಲ್ಲಿಸುತ್ತಿದ್ದೆವು.

"ವಾಟ್ಸ್‌ಆ್ಯಪಲ್ಲಿ ನಿನ್ನೆಯೇ ಬಂತು. 2018ರಲ್ಲಂತೂ ನಿಮ್ಮ ಪೇಪರ್ ಎಲ್ಲದರಲ್ಲೂ ಹಿಂದೆ. ಯಾಕೆ?"

ಹಿಂದೆ ಬಿದ್ದದ್ದು ನಿಜ. ಆ ಆಗಸ್ಟಿನ ನಡುವಾರದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಮಡಿಕೇರಿಯಿಂದ ಸಂಪಾಜೆಗೆ ಹೋಗುವ ಹೆದ್ದಾರಿ ಕಡಿದುಹೋಯಿತು, ಕರೆಂಟು ಇರಲಿಲ್ಲ, ಟವರುಗಳು ಒಂದೊಂದಾಗಿ ಸತ್ತವು. ಸುದ್ದಿ ಕಳಿಸಲು ನಾನು ಸುಂಟಿಕೊಪ್ಪದವರೆಗೆ ಜೀಪಿನಲ್ಲಿ ಹೋಗಿ, ಎರಡು ಗೆರೆ ಸಿಗ್ನಲ್ ಸಿಕ್ಕಿದ ಕಡೆ ನಿಂತು, ಡೆಸ್ಕಿನವರಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸಿದೆ. ಅದೇ ಹೊತ್ತಿನಲ್ಲಿ ಬೇರೆ ರಾಜ್ಯದ, ಬೇರೆ ದೇಶದ ಭೂಕುಸಿತದ ವಿಡಿಯೊಗಳು ನಮ್ಮವೆಂದು ಮೊಬೈಲಿನಿಂದ ಮೊಬೈಲಿಗೆ ಓಡುತ್ತಿದ್ದವು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಖ್ಯೆ. ಕಾಣೆಯಾದವರು ಎಷ್ಟು? ಪರಿಹಾರ ಕೇಂದ್ರಗಳಲ್ಲಿ ಬರೆದ ಪಟ್ಟಿಯೊಂದು, ಪೊಲೀಸರದ್ದೊಂದು, ಊರವರು ನನ್ನ ಕೈಗೆ ಕೊಟ್ಟದ್ದೊಂದು, ಮೂರೂ ತಾಳೆಯಾಗುತ್ತಿರಲಿಲ್ಲ. ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಬ್ಬರೇ ಎರಡು ಸಲ ಕಾಣೆಯಾಗಿದ್ದರು: ಒಂದರಲ್ಲಿ ಮನೆತನದ ಹೆಸರಿನಿಂದ, ಇನ್ನೊಂದರಲ್ಲಿ ಊರವರು ಕರೆಯುವ ಹೆಸರಿನಿಂದ. ಇನ್ನೊಬ್ಬರು ಒಂದು ಪಟ್ಟಿಯಲ್ಲಿ ಕಾಣೆಯಾದವರು, ಇನ್ನೊಂದರಲ್ಲಿ ಕುಶಾಲನಗರದ ಪರಿಹಾರ ಕೇಂದ್ರದಲ್ಲಿ ಊಟ ಮಾಡಿದವರು. ಹಿಂದಿನ ದಿನ ನಾವು ಪಟ್ಟಿಗಳನ್ನು ಒಟ್ಟುಗೂಡಿಸಿದ ಸಂಖ್ಯೆಯನ್ನೇ ಹಾಕಿದ್ದೆವು. ಮರುದಿನ ಎರಡು ಕಡಿಮೆ ಮಾಡಿ ಹಾಕಿದೆವು, ಕಾರಣವನ್ನು ಎರಡು ಸಾಲಿನಲ್ಲಿ ಬರೆದೆವು. ಪತ್ರಿಕೆ ತಲುಪಿದ ಊರುಗಳಿಂದ, ಸಂಖ್ಯೆ ಮುಚ್ಚಿಹಾಕುತ್ತಿದ್ದೀರಿ, ಯಾರು ದುಡ್ಡು ಕೊಟ್ಟರು ಎಂದು ಕರೆಗಳು ಬಂದವು. ಸಿಗ್ನಲ್ ಇದ್ದಷ್ಟು ಹೊತ್ತು ಆ ಎರಡು ಹೆಸರುಗಳನ್ನು ವಿವರಿಸುತ್ತಾ ನಿಂತೆ. ಮಧ್ಯಾಹ್ನ ಮೂರಕ್ಕೆ ಡೆಸ್ಕಿನವರು ಅಂದಿನ ಸುದ್ದಿಗಳ ಪಟ್ಟಿ ಕೇಳಿದರು.